ಗಂಡಸರ ಆಪರೇಷನ್: ‘ಹತ್ತೇ ನಿಮಿಷ’ ಎಂಬ ಅರ್ಧಸತ್ಯ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಕರ್ನಾಟಕದ ಬಗ್ಗೆ ಕೊಡುವ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 57.4. ಗಂಡಂದಿರು ಮಾಡಿಸಿಕೊಂಡ ಪ್ರಮಾಣ ಶೇ 0.0. ಎರಡನೆಯದು ಅಚ್ಚಿನ ದೋಷವೇನಲ್ಲ. ಆಪರೇಷನ್ ಮಾಡಿಸಿಕೊಂಡ ಗಂಡಸರು ಅಲ್ಲೊಬ್ಬ ಇಲ್ಲೊಬ್ಬ ಇದ್ದೇ ಇದ್ದಾರೆ. ದಶಮಾಂಶದ ಒಂದು ಸ್ಥಾನಕ್ಕೆ ತಂದು ನಿಲ್ಲಿಸಿದಾಗ ಕಾಣಿಸುವಷ್ಟು ಇಲ್ಲ, ಅಷ್ಟೇ. ದೇಶದ ಒಟ್ಟು ಲೆಕ್ಕವೂ ಹೆಮ್ಮೆಪಡುವಂಥದ್ದಲ್ಲ: ಹೆಂಗಸರು 37.9, ಗಂಡಸರು 0.3. ಆದರೂ ಅಲ್ಲಿ ಬಿಂದುವಿನ ಆಚೆಗೊಂದು ಅಂಕಿಯಾದರೂ ಇದೆ. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮುಂದಾದ ಮೈಸೂರು ಸಂಸ್ಥಾನದ ವಾರಸುದಾರರಾದ ನಮಗೆ ಅದೂ ಇಲ್ಲ.

ಈ ಸೊನ್ನೆಗೆ ಸಿದ್ಧ ವಿವರಣೆಗಳಿಗೇನೂ ಕಡಿಮೆಯಿಲ್ಲ. ಊರ ಕಟ್ಟೆಯಲ್ಲಿ ಕೇಳಿದರೆ, ಆಪರೇಷನ್ ಆದ ಗಂಡಸು ಗೆಯ್ಮೆಗೂ ಬಾರ, ಹಾಸಿಗೆಗೂ ಬಾರ. ಓದು ಬರಹ ಬಲ್ಲವರನ್ನು ಕೇಳಿದರೆ, ತುರ್ತು ಪರಿಸ್ಥಿತಿಯ ಗಾಯ ಇನ್ನೂ ಮಾಗಿಲ್ಲ. ಆರೋಗ್ಯ ಇಲಾಖೆ ಹೇಳುವುದು ಅರಿವಿನ ಕೊರತೆ ಎಂದು. ಹತ್ತೇ ನಿಮಿಷ, ಹೊಲಿಗೆಯಿಲ್ಲ, ನೋವಿಲ್ಲ, ಅವತ್ತೇ ಮನೆಗೆ ಹೋಗಬಹುದು ಎಂದು ತಿಳಿಹೇಳಿದರೆ ಗಂಡಸರು ತಾವಾಗಿ ಬಂದಾರು ಎಂದು. ಕಟ್ಟೆಯ ಮಾತು ಸುಳ್ಳು, ಓದಿದವರ ಮಾತು ನೆಪ. ನನ್ನ ತಕರಾರು ಹೆಚ್ಚಾಗಿ ಇರುವುದು ಇಲಾಖೆಯ ಮಾತಿನ ಮೇಲೆ, ಏಕೆಂದರೆ ಅದು ಒಳ್ಳೆಯ ಉದ್ದೇಶದಿಂದ ಹೇಳುವ ಅರ್ಧಸತ್ಯ. ಮುಚ್ಚಿಟ್ಟ ಉಳಿದರ್ಧದ ಬೆಲೆಯನ್ನು ಕೊನೆಗೆ ತೆರುವವಳು ಹೆಂಡತಿ.

ಕಟ್ಟೆಯ ಮಾತನ್ನು ಮೊದಲು ಮುಗಿಸಿಬಿಡೋಣ. ವೃಷಣಗಳು ಮಾಡುವುದು ಎರಡು ಕೆಲಸ: ವೀರ್ಯಾಣು ತಯಾರಿಸುವುದು, ಟೆಸ್ಟೋಸ್ಟೆರಾನ್ ಹಾರ್ಮೋನು ತಯಾರಿಸುವುದು. ವೀರ್ಯಾಣು ಸಾಗುವುದು ವೀರ್ಯನಾಳದಲ್ಲಿ. ಹಾರ್ಮೋನು ಸೇರುವುದು ನೇರವಾಗಿ ರಕ್ತಕ್ಕೆ. ಗಂಡಸರ ಆಪರೇಷನ್, ಅಂದರೆ ವ್ಯಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ವೀರ್ಯನಾಳವೊಂದನ್ನೇ. ಮೀಸೆ, ದನಿ, ತೋಳಿನ ಕಸುವು, ಆಸೆ, ನಿಮಿರುವಿಕೆ ಯಾವುದಕ್ಕೂ ಆ ನಾಳದ ಹಂಗಿಲ್ಲ. ಸ್ಖಲನವೂ ಎಂದಿನಂತೆಯೇ, ಹೊರಬರುವ ದ್ರವದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯದು, ಅವೆರಡೂ ಕತ್ತರಿಸಿದ ಜಾಗದಿಂದ ಮೇಲಿವೆ. ಅದರಲ್ಲಿ ವೀರ್ಯಾಣುವಿನ ಪಾಲು ಕಣ್ಣಿಗೆ ವ್ಯತ್ಯಾಸ ತಿಳಿಯದಷ್ಟು ಸಣ್ಣದು. ಹೊರಬರಲಾಗದ ವೀರ್ಯಾಣುಗಳು ಒಳಗೇ ಕಟ್ಟಿಕೊಂಡು ಕೊಳೆಯುತ್ತವೆ ಎಂಬುದೂ ಬರೀ ಮಾತು. ದೇಹ ಅವನ್ನು ಹೀರಿಕೊಳ್ಳುತ್ತದೆ.

ಒಂದು ತಮಾಷೆ ನೋಡಿ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಇದೇ ಶಸ್ತ್ರಚಿಕಿತ್ಸೆ ಗಂಡಸ್ತನವನ್ನು ಮರಳಿ ತರುವ ಉಪಾಯವೆಂದು ಹೆಸರಾಗಿತ್ತು. ನಾಳ ಕಟ್ಟಿದರೆ ಹಾರ್ಮೋನು ಉಕ್ಕುತ್ತದೆ, ಯೌವನ ಹಿಂದಿರುಗುತ್ತದೆ ಎಂದು ವಿಯೆನ್ನಾದ ಶರೀರವಿಜ್ಞಾನಿ ಯೂಜೆನ್ ಸ್ಟೈನಾಕ್ ಸಾರಿದ್ದ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಮಾಡಿಸಿಕೊಂಡರು. ಐರ್ಲೆಂಡಿನ ಕವಿ ಡಬ್ಲ್ಯು. ಬಿ. ಯೇಟ್ಸ್ 1934ರಲ್ಲಿ, ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮಾಡಿಸಿಕೊಂಡು, ಹೊಸ ಹುರುಪು ಬಂತೆಂದು ಹೇಳಿಕೊಂಡರು. ಅದೂ ಭ್ರಮೆಯೇ. ಅಲ್ಲಿ ಬಲ ಕೊಟ್ಟಿದ್ದೂ ಇಲ್ಲಿ ಬಲ ಕಸಿದದ್ದೂ ಮನಸ್ಸಿನ ಕೆಲಸ.

ತುರ್ತು ಪರಿಸ್ಥಿತಿಯ ವಾದ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ಕ್ರೌರ್ಯವಿದೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಆದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಸುಮಾರು 82 ಲಕ್ಷ. ಅದರಲ್ಲಿ 62 ಲಕ್ಷದಷ್ಟು ಗಂಡಸರದು. ಹರಿಯಾಣದ ಉಟಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಸಂತಾನಹರಣಕ್ಕೆ ಸಂಬಂಧಿಸಿದ 1,774 ಸಾವುಗಳು ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ವರದಿಯಲ್ಲಿವೆ. ಉತ್ತರ ಭಾರತ 1977ರ ಚುನಾವಣೆಯಲ್ಲಿ ಆಳುತ್ತಿದ್ದ ಕಾಂಗ್ರೆಸ್ಸಿಗೆ ಅದಕ್ಕೆ ತಕ್ಕ ಉತ್ತರ ಕೊಟ್ಟಿತು. ಆದರೆ ಕರ್ನಾಟಕ? 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿತು. ಇಲ್ಲಿ ಒತ್ತಡವೇ ಇರಲಿಲ್ಲ ಎನ್ನುತ್ತಿಲ್ಲ. ಅಲ್ಲಿಯ ಗಾಯವನ್ನು ಇಲ್ಲಿಯ ಗಾಯವೆಂದು ತೋರಿಸಿ ಅರ್ಧ ಶತಮಾನ ಕಾಲ ತಳ್ಳಿದ್ದೇವೆ ಎನ್ನುತ್ತಿದ್ದೇನೆ. ಅಷ್ಟೆಲ್ಲ ಅನುಭವಿಸಿದ ಹರಿಯಾಣದಲ್ಲೂ ಈಗ ವ್ಯಾಸೆಕ್ಟಮಿಯ ಪ್ರಮಾಣ ನಮ್ಮ ಸೊನ್ನೆಗಿಂತ ಮೇಲಿದೆ. ಇಂದು ಎರಡನೇ ಮಗುವಿನ ತಂದೆಯಾಗುವ ಮೂವತ್ತರ ಹುಡುಗ ಹುಟ್ಟುವ ಹೊತ್ತಿಗೆ ತುರ್ತು ಪರಿಸ್ಥಿತಿ ಹಳೆಯ ಕಥೆಯಾಗಿತ್ತು.

ಗಂಡಸರು ಎಂದೂ ಬರುತ್ತಿರಲಿಲ್ಲ ಎಂಬುದೂ ಸರಿಯಲ್ಲ. 1960ರ ದಶಕದಲ್ಲಿ ಕುಟುಂಬ ಯೋಜನೆ ಕಾರ್ಯಕ್ರಮದ ಬೆನ್ನೆಲುಬೇ ವ್ಯಾಸೆಕ್ಟಮಿ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನ ಒಂದೇ ಶಿಬಿರದಲ್ಲಿ, ಒಂದೇ ತಿಂಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು. ಹಣ, ಉಡುಗೊರೆಗಳ ಆಮಿಷ ಇತ್ತು, ಅದನ್ನು ಆದರ್ಶವೆಂದು ಎತ್ತಿ ಹಿಡಿಯಬೇಕಿಲ್ಲ; ಆದರೆ ಪೊಲೀಸರು ಎಳೆದು ತಂದವರಲ್ಲ ಅವರು. ಗಂಡಸರ ಮೇಲೆ ಕೈ ಹಾಕಿದರೆ ಸರ್ಕಾರ ಬೀಳುತ್ತದೆ ಎಂದು 1977ರಲ್ಲಿ ರಾಜಕಾರಣಿಗಳು ಕಲಿತರು, ಇಡೀ ಕಾರ್ಯಕ್ರಮವನ್ನೇ ಹೆಂಗಸರ ಹೊಟ್ಟೆಯ ಕಡೆಗೆ ತಿರುಗಿಸಿದರು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಬಳಿ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಆ ಜಿಲ್ಲೆಯ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಸತ್ತರು. ಎರಡು ವರ್ಷದ ನಂತರ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನೇ ನಿಲ್ಲಿಸಿ ಎಂದು ಹೇಳಬೇಕಾಯಿತು. ಸರ್ಕಾರವೇನೂ ಬೀಳಲಿಲ್ಲ.

ಹಾಗಾದರೆ ನಿಜವಾದ ಕಾರಣಗಳು ಯಾವುವು? ಹೆರಿಗೆ ವಾರ್ಡಿನ ಹೊರಗೆ ಅರ್ಧ ಗಂಟೆ ನಿಂತರೆ ಕಿವಿಗೆ ಬೀಳುತ್ತವೆ. ಕೈಯಲ್ಲಿ ಫ್ಲಾಸ್ಕು, ಬಗಲಲ್ಲಿ ಬಟ್ಟೆಯ ಗಂಟು ಹಿಡಿದ ಅತ್ತೆ. ಪಕ್ಕದಲ್ಲಿ ಫೋನು ನೋಡುತ್ತ ನಿಂತ ಮಗ. ಆಶಾ ಕಾರ್ಯಕರ್ತೆ ಧೈರ್ಯ ಮಾಡಿ ಕೇಳುತ್ತಾಳೆ, ‘ಅಣ್ಣಾ, ಈ ಸಲ ನೀವೇ ಮಾಡಿಸ್ಕೊಂಡ್ರೆ ಹೆಂಗೆ? ಅಕ್ಕಂಗೆ ರಕ್ತ ಕಡಿಮೆ ಐತೆ.’ ಅಣ್ಣ ಬಾಯಿ ತೆರೆಯುವ ಮೊದಲೇ ಅವನ ತಾಯಿಯ ಉತ್ತರ ಬಂದಿರುತ್ತದೆ: ‘ಅವನು ಮೂಟೆ ಹೊರೋನು ಕಣವ್ವಾ. ಇವಳು ಹೆಂಗೂ ಆಸ್ಪತ್ರೇಲೇ ಮಲಗವ್ಳೆ, ಜೊತೆಗೇ ಮುಗಿಸಿಬಿಡ್ಲಿ.’

‘ಜೊತೆಗೇ’ ಎಂಬ ವಾದಕ್ಕೆ ತೂಕವಿದೆ. ಸಿಸೇರಿಯನ್‌ಗಾಗಿ ಹೊಟ್ಟೆ ತೆರೆದೇ ಇರುವಾಗ ಡಿಂಬನಾಳ ಕಟ್ಟುವುದು ಕೆಲವು ನಿಮಿಷಗಳ ಹೆಚ್ಚುವರಿ ಕೆಲಸ. ಅಂಥ ಹೆಂಗಸು ಬೇಕೆಂದು ಹೇಳಿದ್ದರೆ ಗಂಡನನ್ನು ಇನ್ನೊಂದು ಮೇಜಿಗೆ ಕಳಿಸಬೇಕೆಂಬ ಹಟ ನನಗಿಲ್ಲ. ಆದರೆ ಸಹಜ ಹೆರಿಗೆಯಾದವಳಿಗೂ, ಬಾಣಂತನ ಮುಗಿದ ಮೇಲೆ ಕ್ಯಾಂಪಿಗೆ ಬರುವವಳಿಗೂ ಇದೇ ವಾದ ಅನ್ವಯಿಸುತ್ತಿದೆ. ಅವಳಿಗೆ ಮಾಡುವುದು ಹೊಟ್ಟೆಯ ಒಳಗೆ ಇಳಿಯುವ ಶಸ್ತ್ರಚಿಕಿತ್ಸೆ. ಲ್ಯಾಪ್ರೊಸ್ಕೋಪ್ ಆದರೆ ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸಿ, ಕರುಳು, ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ಸಲಕರಣೆ ಇಳಿಸಬೇಕು. ಗಂಡಸಿನ ನಾಳವಾದರೋ ಚರ್ಮದ ಕೆಳಗೇ ಬೆರಳಿಗೆ ಸಿಗುತ್ತದೆ. ಕೂಸಿಗೆ ನಾಲ್ಕು ದಿನ ತುಂಬುವ ಮೊದಲೇ, ಹೆರಿಗೆಯ ಸುಸ್ತಿನಲ್ಲಿ, ಅತ್ತೆ ಗಂಡ ಇಬ್ಬರೂ ಮಂಚದ ಪಕ್ಕ ನಿಂತಿರುವಾಗ ಬಾಣಂತಿ ಕೊಡುವ ಒಪ್ಪಿಗೆಯನ್ನು ನಾನು ಪೂರಾ ಒಪ್ಪಿಗೆಯೆಂದು ಎಣಿಸಲಾರೆ. ವ್ಯಾಸೆಕ್ಟಮಿಗೆ ಅಂಥ ಅವಸರವಿಲ್ಲ. ಕೂಸಿಗೆ ವರ್ಷ ತುಂಬಲಿ, ಚುಚ್ಚುಮದ್ದುಗಳೆಲ್ಲ ಆಗಲಿ, ಗಂಡ ಹೆಂಡತಿ ಹತ್ತು ಸಲ ಮಾತಾಡಲಿ, ಆಮೇಲೆ ಹೋಗಬಹುದು. ಈ ಸಾವಕಾಶ ಇಡೀ ವಿಧಾನದ ದೊಡ್ಡ ಗುಣ, ಮತ್ತು ಯಾವ ಭಿತ್ತಿಪತ್ರದಲ್ಲೂ ಇದರ ಸುದ್ದಿಯಿಲ್ಲ.

‘ಮೂಟೆ ಹೊರೋನು’ ಎಂಬ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ನಮ್ಮ ಅರಿವು ಕಾರ್ಯಕ್ರಮಗಳ ರೂಢಿ. ನನಗೆ ಅದರಲ್ಲಿ ಕೂಲಿಯ ಲೆಕ್ಕ ಕೇಳಿಸುತ್ತದೆ. ಆಪರೇಷನ್ ಆದ ಮೇಲೆ ಎರಡು ದಿನ ವಿಶ್ರಾಂತಿ ಬೇಕು, ಒಂದು ವಾರ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು. 2024–25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ; ಆರು ದಿನಕ್ಕೆ ಎರಡು ಸಾವಿರ ದಾಟುತ್ತದೆ. ವ್ಯಾಸೆಕ್ಟಮಿಗೆ 2007ರಲ್ಲಿ ಗೊತ್ತುಮಾಡಿದ ಪರಿಹಾರಧನ 1,100 ರೂಪಾಯಿ. ಸರ್ಕಾರಿ ನೌಕರನಿಗಾದರೆ ವಿಶೇಷ ಸಾಂದರ್ಭಿಕ ರಜೆ ಇದೆ. ಹಮಾಲಿಗೆ, ಗಾರೆ ಕೆಲಸದವನಿಗೆ, ಆಟೊ ಓಡಿಸುವವನಿಗೆ ಏನಿದೆ? ಅವನು ಮೂರನೆಯ ದಿನವೇ ಮೂಟೆ ಎತ್ತುತ್ತಾನೆ, ಊತ ಬರುತ್ತದೆ, ವಾರಗಟ್ಟಲೆ ಕಾಲಗಲಿಸಿ ನಡೆಯುತ್ತಾನೆ. ಇಡೀ ಓಣಿ ನೋಡುತ್ತದೆ. ‘ಆಪರೇಷನ್ ಮಾಡಿಸ್ಕೊಂಡು ಹಾಳಾದ’ ಎಂಬ ಕಥೆ ಹುಟ್ಟುವುದು ಹೀಗೆ. ಅಂದಹಾಗೆ, ಹೆಂಡತಿಯ ಆಪರೇಷನ್ ವಿಚಾರದಲ್ಲಿ ಈ ಕೂಲಿಯ ಲೆಕ್ಕವನ್ನು ಯಾರೂ ಎತ್ತುವುದಿಲ್ಲ. ಅವಳೂ ಕಳೆ ಕೀಳುವವಳೇ, ಬುಟ್ಟಿ ಹೊರುವವಳೇ.

ಇನ್ನೊಂದು ಕಾರಣವಿದೆ, ಅದನ್ನು ಎದುರಿಗೆ ಯಾರೂ ಹೇಳುವುದಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ಸೊಸೆ ಇಲ್ಲವಾದರೆ, ಮಗನಿಗೆ ಇನ್ನೊಂದು ಮದುವೆ ಮಾಡಬೇಕಲ್ಲ. ಗಂಡಸಿನ ಫಲವಂತಿಕೆಯನ್ನು ಮನೆತನ ಕಾಪಿಟ್ಟುಕೊಳ್ಳುತ್ತದೆ. ಹೆಂಗಸಿನದು ಎರಡು ಮಕ್ಕಳಾದ ಮೇಲೆ ಮುಗಿದ ಬಾಬತ್ತು. ಸೊನ್ನೆಯ ಬೇರು ಬಹುಮಟ್ಟಿಗೆ ಇಲ್ಲಿದೆ. ಇದನ್ನು ಅರಿವಿನ ಕೊರತೆ ಎಂದು ಕರೆಯುವುದು ಕುಟುಂಬಗಳ ಜಾಣತನಕ್ಕೆ ಮಾಡುವ ಅವಮಾನ. ಅವರಿಗೆ ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತು.

ಈಗ ‘ಹತ್ತೇ ನಿಮಿಷ’ಕ್ಕೆ ಬರೋಣ. ಮೇಜಿನ ಮೇಲಿನ ಕೆಲಸ ಹತ್ತರಿಂದ ಇಪ್ಪತ್ತು ನಿಮಿಷ ಎಂಬುದು ನಿಜ. 1974ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಲಿ ಶುನ್‌ಚಿಯಾಂಗ್ ಎಂಬ ವೈದ್ಯ ರೂಪಿಸಿದ, ಚಾಕು ಬಳಸದ ವಿಧಾನವೇ ಈಗ ನಮ್ಮಲ್ಲಿ ಎನ್‌ಎಸ್‌ವಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕೋಣೆ ಬೆಚ್ಚಗಿರಬೇಕು, ಚಳಿಗೆ ವೃಷಣಚೀಲ ಮುದುಡಿಕೊಂಡರೆ ನಾಳ ಹಿಡಿಯುವುದು ಕಷ್ಟ. ವೈದ್ಯರು ಮೂರು ಬೆರಳಿನಲ್ಲಿ ನಾಳವನ್ನು ಹುಡುಕಿ ಚರ್ಮದ ಕೆಳಕ್ಕೆ ತರುತ್ತಾರೆ. ಬೇಯಿಸದ ಶಾವಿಗೆಯ ಎಳೆಯಂತೆ ಗಡುಸಾಗಿ ಬೆರಳಿಗೆ ತಾಗುವ ನಾಳ ಅದು. ಅಲ್ಲೇ ಅರಿವಳಿಕೆಯ ಸೂಜಿ. ಆಮೇಲೆ ಎರಡೇ ಸಲಕರಣೆ: ತುದಿಯಲ್ಲಿ ಉಂಗುರವಿರುವ ಚಿಮಟವೊಂದು ಚರ್ಮದ ಮೇಲಿಂದಲೇ ನಾಳವನ್ನು ಕಚ್ಚಿ ಹಿಡಿಯುತ್ತದೆ, ಚೂಪು ಮೂತಿಯ ಇನ್ನೊಂದು ಚಿಮಟ ಚರ್ಮಕ್ಕೆ ಸಣ್ಣ ತೂತು ಮಾಡಿ ಅಗಲಿಸುತ್ತದೆ. ನಾಳವನ್ನು ಕುಣಿಕೆಯಂತೆ ಹೊರಗೆಳೆದು, ಒಂದು ತುಣುಕು ಕತ್ತರಿಸಿ, ತುದಿಗಳನ್ನು ಕಟ್ಟಿ, ಎರಡು ತುದಿಗಳ ನಡುವೆ ಅದರದೇ ಪೊರೆಯನ್ನು ಅಡ್ಡ ತಂದು ಮತ್ತೆ ಕೂಡದಂತೆ ಮಾಡುತ್ತಾರೆ. ಅದೇ ತೂತಿನಿಂದಲೇ ಇನ್ನೊಂದು ಬದಿಯದೂ ಮುಗಿಯಬಹುದು. ಹೊಲಿಗೆ ಇಲ್ಲ, ಒಂದು ಪಟ್ಟಿ ಸಾಕು.

‘ಇರುವೆ ಕಚ್ಚಿದಷ್ಟು’ ಎನ್ನುತ್ತಾರಲ್ಲ, ಅದು ಸೂಜಿಗೆ ಮಾತ್ರ ಒಪ್ಪುವ ಮಾತು. ನಾಳವನ್ನು ಎಳೆಯುವಾಗ ಕೆಳಹೊಟ್ಟೆಯ ಆಳದಲ್ಲಿ ಏನೋ ಜಗ್ಗಿದಂತಾಗುತ್ತದೆ. ಚರ್ಮದ ಅರಿವಳಿಕೆ ಅಲ್ಲಿಗೆ ಪೂರ್ತಿ ಮುಟ್ಟುವುದಿಲ್ಲ. ಕೆಲವರಿಗೆ ಬೆವರುತ್ತದೆ, ಕಣ್ಣು ಕತ್ತಲಿಡುತ್ತದೆ. ಅದು ಕೆಲವು ಕ್ಷಣ. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರೆ ಗಂಡಸು ಹಲ್ಲು ಕಚ್ಚಿ ಸುಮ್ಮನಿರುತ್ತಾನೆ. ಏನೂ ಆಗುವುದಿಲ್ಲ ಎಂದು ಹೇಳಿ ಮಲಗಿಸಿದವನಿಗೆ ಆ ಕ್ಷಣದಲ್ಲಿ ಮೋಸ ಹೋದೆ ಅನಿಸುತ್ತದೆ, ಆಮೇಲೆ ವೈದ್ಯರು ಹೇಳುವ ಯಾವುದನ್ನೂ ಅವನು ನಂಬುವುದಿಲ್ಲ. ನಂಬಬೇಕಾದ್ದು ಇರುವುದೇ ಆಮೇಲೆ.

ಮೇಜಿಗೆ ಮುಂಚೆಯೂ ಹೇಳಬೇಕಾದ್ದು ಕೆಲವಿದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದೆ ಆದ ಹರ್ನಿಯಾ ಅಥವಾ ಹೈಡ್ರೋಸಿಲ್ ಆಪರೇಷನ್, ತೊಡೆಸಂದಿಯ ಹುಳುಕಡ್ಡಿ ಇವೆಲ್ಲ ವೈದ್ಯರಿಗೆ ತಿಳಿಯಬೇಕು. ಉಪವಾಸ ಬೇಕಿಲ್ಲ, ಹಗುರ ತಿಂಡಿ ತಿನ್ನಬಹುದು. ಸ್ನಾನ ಮಾಡಿ, ಬಿಗಿಯಾದ ಒಳಚಡ್ಡಿ ತೆಗೆದುಕೊಂಡು, ಜೊತೆಗೆ ಒಬ್ಬರನ್ನು ಕರೆದುಕೊಂಡು ಬಂದರೆ ಸಾಕು. ಲಂಗೋಟಿ ಕಟ್ಟುವ ಅಭ್ಯಾಸವಿದ್ದ ಕಾಲದಲ್ಲಿ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಹೆಂಡತಿಯ ಸಹಿ ಕಾನೂನಿನ ಪ್ರಕಾರ ಬೇಕಿಲ್ಲ. ಹೆಂಗಸಿನ ಆಪರೇಷನ್‌ಗೂ ಗಂಡನ ಸಹಿ ಹೀಗೆಯೇ ಬೇಕಿಲ್ಲ, ಆದರೂ ಕೇಳುತ್ತಾರೆ.

ಆಮೇಲಿನ ದಿನಗಳಲ್ಲಿ ಚೀಲ ನೀಲಿಗಟ್ಟಬಹುದು, ಆ ಬಣ್ಣ ಶಿಶ್ನದವರೆಗೂ ಹರಡಬಹುದು. ಕನ್ನಡಿಯಲ್ಲಿ ನೋಡಿಕೊಂಡವನ ಎದೆ ಧಸಕ್ಕೆನ್ನುತ್ತದೆ. ವಾರ, ಹತ್ತು ದಿನಕ್ಕೆ ಹಳದಿಗೆ ತಿರುಗಿ ಹೋಗುತ್ತದೆ. ಮೊದಲ ಕೆಲವು ಸ್ಖಲನಗಳಲ್ಲಿ ಕಂದು ಬಣ್ಣ, ರಕ್ತದ ಎಳೆ ಕಾಣಬಹುದು. ಕತ್ತರಿಸಿದ ಜಾಗದಲ್ಲಿ ಬಟಾಣಿಯಷ್ಟು ಗಂಟು ಬೆರಳಿಗೆ ಸಿಗಬಹುದು. ಇವು ಹೆದರುವಂಥವಲ್ಲ. ಜ್ವರ, ಕೀವು, ಗಂಟೆಗಂಟೆಗೆ ದೊಡ್ಡದಾಗುವ ಊತ ಬಂದರೆ ಮಾತ್ರ ಆಸ್ಪತ್ರೆಗೆ ಓಡಬೇಕು. ನೂರಕ್ಕೆ ಒಬ್ಬಿಬ್ಬರಿಗೆ ತಿಂಗಳುಗಟ್ಟಲೆ ಕಾಡುವ, ದಿನಚರಿಗೇ ಅಡ್ಡಬರುವ ನೋವು ಉಳಿಯುತ್ತದೆ. ಈ ಸಂಖ್ಯೆ ಸಣ್ಣದು, ಆದರೆ ಆ ನೂರರಲ್ಲಿ ಒಬ್ಬನಾದವನಿಗೆ ಸಣ್ಣದಲ್ಲ. ಸಹಿ ಹಾಕುವ ಮುಂಚೆ ಇದನ್ನು ಕೇಳುವ ಹಕ್ಕು ಅವನಿಗಿದೆ. ಹೇಳಿದರೆ ಓಡಿಹೋಗುತ್ತಾರೆ ಎಂಬ ಭಯ ಇಲಾಖೆಯದು. ಹೇಳದೆಯೂ ಯಾರೂ ಬರುತ್ತಿಲ್ಲವಲ್ಲ!

ನನ್ನ ತಕರಾರಿನ ತಿರುಳು ಇಲ್ಲಿದೆ. ವ್ಯಾಸೆಕ್ಟಮಿ ಆದ ದಿನ ಗಂಡಸು ಬಂಜೆಯಾಗುವುದಿಲ್ಲ. ಕತ್ತರಿಸಿದ ಜಾಗದಿಂದ ಮೇಲೆ, ನಾಳದಲ್ಲಿ ಮೊದಲೇ ಸೇರಿದ್ದ ವೀರ್ಯಾಣುಗಳು ಇದ್ದೇ ಇರುತ್ತವೆ. ಅವು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಅಥವಾ ಬೇರೆ ಉಪಾಯ ತಪ್ಪಬಾರದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಾತ್ರಿಯಾದ ಮೇಲೆ ಪ್ರಮಾಣಪತ್ರ. ಇದ್ದರೆ ಮತ್ತೆ ಕಾಯಬೇಕು, ಮತ್ತೆ ಪರೀಕ್ಷೆ ಮಾಡಿಸಬೇಕು. ಅಪರೂಪಕ್ಕೆ ಆಪರೇಷನ್ನನ್ನೇ ಮತ್ತೆ ಮಾಡಬೇಕಾದೀತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ ನಾಳ ತಾನಾಗಿ ಕೂಡಿಕೊಳ್ಳುವುದುಂಟು. ಅಂದರೆ ಈ ಚಿಕಿತ್ಸೆಯ ಅವಧಿ ಹತ್ತು ನಿಮಿಷವಲ್ಲ, ತೊಂಬತ್ತು ದಿನ.

ಟ್ಯೂಬೆಕ್ಟಮಿ, ಅಂದರೆ ಹೆಂಗಸಿನ ಆಪರೇಷನ್, ವಿಫಲವಾಗಿ ಅವಳು ಬಸುರಾದರೆ ಮನೆಯವರು ವೈದ್ಯರನ್ನು ಬೈಯುತ್ತಾರೆ. ವ್ಯಾಸೆಕ್ಟಮಿ ವಿಫಲವಾಗಿ ಹೆಂಡತಿ ಬಸುರಾದರೆ ಮೊದಲ ಪ್ರಶ್ನೆ ಏಳುವುದು ಅವಳ ನಡತೆಯ ಮೇಲೆ. ‘ಅವನಿಗೆ ಆಪರೇಷನ್ ಆಗಿದೆಯಲ್ಲ, ಮತ್ತೆ ಇದು ಹೇಗೆ?’ ಎಂಬ ಒಂದು ಮಾತು ಊರಲ್ಲಿ ಹೊರಟರೆ ಅದನ್ನು ಯಾವ ಪ್ರಮಾಣಪತ್ರವೂ ಹಿಂದಕ್ಕೆ ತರುವುದಿಲ್ಲ. ಹಾಗಾಗಿ ‘ಹತ್ತೇ ನಿಮಿಷ, ಮನೆಗೆ ಹೋಗಿ’ ಎಂದು ಗಂಡಸಿಗೆ ಹೇಳಿ, ಮೂರು ತಿಂಗಳ ಮಾತನ್ನು ಕೊನೆಯಲ್ಲಿ ಚೀಟಿಯ ಮೂಲೆಗೆ ಬರೆದು ಕಳಿಸುವುದು ಅಲಕ್ಷ್ಯ ಮಾತ್ರವಲ್ಲ. ಗಂಡನ ದೇಹದ ಚಿಕಿತ್ಸೆಯ ಅಪಾಯವನ್ನು ಹೆಂಡತಿಯ ಮಾನಕ್ಕೆ ವರ್ಗಾಯಿಸುವುದು. ಕುಟುಂಬ ಯೋಜನೆಯ ಭಾರವನ್ನು ಹೆಂಗಸಿನ ಹೆಗಲಿಂದ ಇಳಿಸುತ್ತೇವೆ ಎಂದು ಹೊರಟವರು ಇದನ್ನು ಯೋಚಿಸಬೇಡವೇ? ಗಂಡ ಮಾಡಿಸಿಕೊಳ್ಳುವುದಕ್ಕೆ ಎಷ್ಟೋ ಹೆಂಡತಿಯರೇ ಒಪ್ಪುವುದಿಲ್ಲ ಎಂದು ಆಪ್ತ ಸಮಾಲೋಚಕರು ಬೇಸರಪಡುತ್ತಾರೆ. ನನಗೆ ಅದರಲ್ಲಿ ದಡ್ಡತನ ಕಾಣುವುದಿಲ್ಲ. ನಾಳೆಯ ಮಾತು ಯಾರ ಮೇಲೆ ಬರುತ್ತದೆಂದು ಅವರಿಗೆ ಗೊತ್ತು.

ಮೂರು ತಿಂಗಳ ನಂತರದ ಆ ವೀರ್ಯ ಪರೀಕ್ಷೆಯಾದರೂ ಹೇಗೆ ನಡೆಯುತ್ತದೆ? ಸಣ್ಣ ಊರಿನ ಆಸ್ಪತ್ರೆಯ ಪ್ರಯೋಗಾಲಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಿಟಕಿಯಾಚೆ ತಂತ್ರಜ್ಞೆ, ಈಚೆ ಮೂತ್ರದ ಬಾಟಲಿ, ಕಫದ ಡಬ್ಬಿ ಹಿಡಿದವರ ಸಾಲು. ಆ ಸಾಲಿನಲ್ಲಿ ನಿಂತ ಗಂಡಸು ತನ್ನ ಸರದಿ ಬಂದಾಗ ಯಾವ ಪರೀಕ್ಷೆಯೆಂದು ಬಾಯಿಬಿಟ್ಟು ಹೇಳಬೇಕು. ಪ್ಲಾಸ್ಟಿಕ್ ಡಬ್ಬಿ ಕೈಗೆ ಬರುತ್ತದೆ. ಎಲ್ಲಿ ಹೋಗಬೇಕೆಂದರೆ ಕಾರಿಡಾರಿನ ಕೊನೆಯ, ಚಿಲಕ ಸಡಿಲಾದ ಶೌಚಾಲಯದ ಕಡೆಗೆ ಬೆರಳು. ಹೊರಗೆ ಮತ್ತೊಬ್ಬ ಬಾಗಿಲು ಬಡಿಯುತ್ತಿರುತ್ತಾನೆ. ಇಂಥಲ್ಲಿಗೆ ಮೂರು ತಿಂಗಳಾದ ಮೇಲೆ, ಯಾವ ನೋವೂ ಇಲ್ಲದ ಗಂಡಸು ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರುತ್ತಾನೆ ಎಂದುಕೊಳ್ಳುವುದು ಹುಚ್ಚು. ಮನೆಯಲ್ಲೇ ಸಂಗ್ರಹಿಸಿ, ಡಬ್ಬಿಯನ್ನು ಅಂಗಿಯ ಒಳಗೆ ಮೈಬಿಸಿಗೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಂದುಕೊಡಬಹುದು ಎಂಬ ಸರಳ ವಿಷಯವನ್ನು ಆಪರೇಷನ್ ದಿನವೇ ಡಬ್ಬಿಯ ಸಮೇತ ಹೇಳಿ ಕಳಿಸಿದರೆ ಅರ್ಧ ಮುಜುಗರ ಕಳೆಯುತ್ತದೆ. ತೊಂಬತ್ತನೆಯ ದಿನ ಒಂದು ಫೋನು ಬಂದರೆ ಇನ್ನರ್ಧ. ಬಸುರಿಯರಿಗೆ ತಾಯಿ ಕಾರ್ಡಿನಲ್ಲಿ ದಿನಾಂಕ ಬರೆದು ಬೆನ್ನು ಹತ್ತುವ ವ್ಯವಸ್ಥೆ ನಮ್ಮಲ್ಲಿದೆ, ಚೆನ್ನಾಗಿಯೂ ನಡೆಯುತ್ತದೆ. ಗಂಡಸಿಗೆ ಮಾತ್ರ ಅಂಥ ಕಾರ್ಡು ಯಾರೂ ಮಾಡಲಿಲ್ಲ.

ಫೋನು ಮಾಡುವವರು ಯಾರು ಎಂಬುದೂ ಪ್ರಶ್ನೆಯೇ. ಮನೆಮನೆಗೆ ಹೋಗುವ ಆಶಾ ಹೆಂಗಸು. ಪರಗಂಡಸಿನ ಜೊತೆ ನಿರೋಧ್, ವೀರ್ಯ ಎಂದು ಮಾತಾಡಿದರೆ ಅವಳ ಹೆಸರೇ ಕೆಡುತ್ತದೆ. ಪುರುಷ ಆರೋಗ್ಯ ಕಾರ್ಯಕರ್ತನಿಗೆ ಡೆಂಗಿ, ಮಲೇರಿಯಾ, ಲಾರ್ವಾ ಸಮೀಕ್ಷೆ. ವರ್ಷಕ್ಕೊಮ್ಮೆ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪುರುಷ ಸಂತಾನಹರಣ ಪಾಕ್ಷಿಕ ಬರುತ್ತದೆ: ಒಂದು ವಾರ ಪ್ರಚಾರ, ಒಂದು ವಾರ ಆಪರೇಷನ್. ಬ್ಯಾನರ್, ಜಾಥಾ, ಪ್ರತಿಜ್ಞೆ. ಡಿಸೆಂಬರ್ ಮೊದಲ ವಾರ ಆಪರೇಷನ್ ಆದವನ ಪರೀಕ್ಷೆಯ ದಿನ ಬರುವುದು ಮಾರ್ಚಿನಲ್ಲಿ; ಆಗ ಕಚೇರಿಗಳಿಗೆ ವರ್ಷಾಂತ್ಯದ ಲೆಕ್ಕ, ಪಾಕ್ಷಿಕದ ನೆನಪು ಯಾರಿಗೂ ಇರುವುದಿಲ್ಲ. ಎಷ್ಟು ಆಪರೇಷನ್ ಆಯಿತೆಂಬುದು ವರದಿಯ ಮೊದಲ ಸಾಲು. ಎಷ್ಟು ಜನ ಪರೀಕ್ಷೆಗೆ ಮರಳಿದರು ಎಂಬುದು ಮೊದಲ ಸಾಲಾಗುವವರೆಗೆ ಈ ಪಾಕ್ಷಿಕಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ.

ಸಂಖ್ಯೆ ಹೆಚ್ಚಿಸಲು ಹೊರಟರೆ ಏನಾಗುತ್ತದೆಂದು ಮಧ್ಯಪ್ರದೇಶ 2020ರ ಫೆಬ್ರುವರಿಯಲ್ಲಿ ತೋರಿಸಿಕೊಟ್ಟಿತು. ಒಬ್ಬ ಗಂಡಸನ್ನೂ ಆಪರೇಷನ್‌ಗೆ ಕರೆತರದ ಪುರುಷ ಆರೋಗ್ಯ ಕಾರ್ಯಕರ್ತರಿಗೆ ಸಂಬಳವಿಲ್ಲ, ಕಡ್ಡಾಯ ನಿವೃತ್ತಿ ಎಂಬರ್ಥದ ಆದೇಶ ಹೊರಟಿತು. ಗದ್ದಲವಾದ ಮೇಲೆ ಹಿಂದೆಗೆದುಕೊಂಡರು. ನಲವತ್ತು ವರ್ಷದ ಹಿಂದಿನ ಭೂತ ಬಾಗಿಲಲ್ಲೇ ಇತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದನ್ನು ಒಳಗೆ ಕರೆಯುತ್ತಿರುವುದು ಜನರ ನೆನಪಲ್ಲ, ಕಚೇರಿಯ ಗುರಿ.

ಎಲ್ಲ ಗಂಡಸರೂ ಮಾಡಿಸಿಕೊಳ್ಳಬೇಕು ಎಂಬ ವಾದವೂ ನನ್ನದಲ್ಲ. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಇದೆ, ಆದರೆ ದುಬಾರಿ; ವರ್ಷ ಕಳೆದಷ್ಟೂ ಫಲ ಕಡಿಮೆ; ಜೋಡಣೆಯಾದರೂ ಮಗುವಾಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಇದನ್ನು ಶಾಶ್ವತವೆಂದೇ ತಿಳಿದು ಬರಬೇಕು. ಐಐಟಿ ಖರಗ್‌ಪುರದ ಸುಜೊಯ್ ಗುಹಾ ದಶಕಗಳಿಂದ ಬೆಳೆಸಿದ, ನಾಳಕ್ಕೆ ಕೊಡುವ ಚುಚ್ಚುಮದ್ದಿನ ವಿಧಾನದ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ. ಅದು ಊರ ಆಸ್ಪತ್ರೆಗೆ ಬಂದಾಗ ಆ ಮಾತು ಬೇರೆ. ಈಗ ಬಾಗಿಲಿಗೆ ಬರುವವರಲ್ಲಿ ಇಪ್ಪತ್ತೈದರ ಹುಡುಗನಿರುತ್ತಾನೆ, ಹೆಂಡತಿಯೊಡನೆ ಜಗಳವಾಡಿ ಸಿಟ್ಟಿನಲ್ಲಿ ಬಂದವನಿರುತ್ತಾನೆ, 1,100 ರೂಪಾಯಿ ಇವತ್ತೇ ಸಿಗುತ್ತದೆಯೇ ಎಂದು ಮೊದಲು ಕೇಳುವವನಿರುತ್ತಾನೆ. ಅಂಥವರನ್ನು ಕೂರಿಸಿ, ಟೀ ಕುಡಿಸಿ, ಇನ್ನಾರು ತಿಂಗಳು ಯೋಚಿಸಿ ಬನ್ನಿ ಎಂದು ಮನೆಗೆ ಕಳಿಸುವ ವೈದ್ಯರು ಬೇಕು. ಹಾಗೆ ಕಳಿಸಿದ ದಿನ ಸಂಜೆ ಜಿಲ್ಲಾ ಕಚೇರಿಯಿಂದ ಅವರಿಗೆ ಅಂಕಿ ಕೇಳುವ ಫೋನು ಬರಬಾರದು.